ವಾರದ 156 ಗಂಟೆ ನಮ್ಮ ಕೈಯಲ್ಲೇ

ಡಯಾಲಿಸಿಸ್ ಮಾಡ್ಸ್ಕಂಬರಿಗೆ ಜ್ವರ ಬಂದ್ರೆ ನಾವೆಲ್ಲ ಮೊದ್ಲು ಹೇಳುದು ಒಂದೇ: "ಆಸ್ಪತ್ರೆಯಲ್ಲಿ ಸಮ ಕ್ಲೀನ್ ಇಲ್ಲ ಕಾಂತ್." ನಾನೂ ಹಾಂಗೇ ಹೇಳ್ದವ್ಳು. ಈಗ ಅಷ್ಟ್ ಬೇಗ ಹೇಳುದಿಲ್ಲ.

ಲೆಕ್ಕ ಹಾಕಿ ಕಾಣಿ. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಅಂದ್ರೆ ಮೆಷಿನ್ ಹತ್ರ ಇಪ್ಪುದು 12 ಗಂಟೆ. ವಾರಕ್ಕೆ 168 ಗಂಟೆ. ಉಳ್ದ 156 ಗಂಟೆ ಅವ್ರ್ ಇಪ್ಪುದು ನಮ್ಮ ಚಾವಡಿಯಲ್ಲಿ, ನಮ್ಮ ಬಚ್ಚಲಲ್ಲಿ, ಅಮಾಸೆಬೈಲಿನ ಮಳೆಯಲ್ಲಿ.

ನಮ್ಮ ಮಾವಯ್ಯನ ಕುತ್ತಿಗೆ ಬುಡದಲ್ಲಿ ಟ್ಯೂಬ್ ಇತ್ತ್. ಆಸಾಡಿ ಮಳೆ. ಬಸ್ಸಿಳ್ದ್ ಮನೆಗೆ ಬಪ್ಪತಿಗೆ ಬ್ಯಾಂಡೇಜ್ ಪೂರಾ ಚಂಡಿ. ನಾನ್ ಒಣ ಬಟ್ಟೆಯಲ್ಲಿ ಒತ್ತಿ, "ನಾಡ್ದ್ ಹೆಂಗೂ ಹೋಯ್ಕಲೆ, ಅಲ್ಲೇ ಬದ್ಲಿಸ್ತ್ರ್" ಅಂದೆ. ಮರುದಿನ ರಾತ್ರಿ ಮೈ ನಡುಗಿ ಜ್ವರ. ಅತ್ತೆ ಕಷಾಯ ಕುಡ್ಸಿದ್ರ್. ಆ ಟ್ಯೂಬಿನ ತುದಿ ಇಪ್ಪುದು ಹೃದಯದ ಹತ್ರದ ದೊಡ್ಡ ರಕ್ತನಾಳದಲ್ಲಿ. ಅದ್ರಲ್ಲಿ ಹೊಕ್ಕ ಕ್ರಿಮಿ ಸೀದಾ ರಕ್ತಕ್ಕೆ. 9 ದಿನ ಆಸ್ಪತ್ರೆಯಲ್ಲಿ ಮಲಗಿದ್ರ್. ಉಳ್ದದ್ದೇ ದೊಡ್ಡದು.

ಹಾಂಗಾಗಿ ಹೇಳುದು. ಟ್ಯೂಬ್ ಇದ್ದವ್ರಿಗೆ ತಲೆ ಮೇಲೆ ನೀರ್ ಹೊಯ್ದ್ ಮೀಸುದು ಬ್ಯಾಡ, ಮೈ ಒರೆಸಿದ್ರೆ ಸಾಕ್. ಅರಶಿನ, ಎಣ್ಣೆ ಎಂತದೂ ಹಚ್ಚುಕಾಗ. ಟ್ಯೂಬಿನ ಮುಚ್ಚಳ ನಾವ್ ಮುಟ್ಟುಕಾಗ. ಬ್ಯಾಂಡೇಜ್ ಚಂಡಿ ಆದ್ರೆ, ಸುತ್ತ ಕೆಂಪಾದ್ರೆ, ಚಳಿ ಜ್ವರ ಬಂದ್ರೆ ರಾತ್ರಿ ಆದ್ರೂ ಫೋನ್ ಮಾಡ್ಕ್. ಕಾಂಬುಕ್ ಬಪ್ಪ ನೆಂಟ್ರಿಗೆ ಕಾಲಿಗೆ ನೀರ್ ಕೊಡುದ್ ನಮ್ಮ ಕ್ರಮ, ಒಟ್ಟಿಗೆ ಕೈಗೆ ಸೋಪೂ ಕೊಡಿ.

ಕೈಗೆ ಫಿಸ್ಟುಲಾ ಮಾಡ್ಸುಕ್ ಡಾಕ್ಟ್ರ್ ಹೇಳ್ರೆ ಮುಂದೆ ಹಾಕ್ಬೇಡಿ. ಕೈಯ ಎರಡ್ ರಕ್ತನಾಳ ಸೇರ್ಸುದು ಅದು. ಟ್ಯೂಬಿಗಿಂತ ಅದ್ರಲ್ಲಿ ಸೋಂಕು ಬಾಳ ಕಮ್ಮಿ. ಆದ್ರೆ ಹದ ಆಪುಕೆ ವಾರಗಟ್ಟಲೆ, ಕೆಲವ್ರಿಗೆ ತಿಂಗಳುಗಟ್ಟಲೆ ಬೇಕ್. ನಾವ್ "ಕೈ ಕೊಯ್ಸುದ್ ಬ್ಯಾಡ" ಅಂತ 4 ತಿಂಗಳು ಸುಮ್ನೆ ಕಳ್ದದ್ದೇ ತಪ್ಪಾಯ್ತ್. ಫಿಸ್ಟುಲಾ ಇಪ್ಪ ಕೈಯನ್ನ ಸೂಜಿ ಹಾಕುವ ಮೊದ್ಲು ಸೋಪ್ ಹಾಕಿ ತೊಳ್ಸಿ. ಆ ಕೈಯಲ್ಲಿ ಬಿಪಿ ಕಾಂಬುಕೂ ಬಿಡ್ಬೇಡಿ.

ಆಸ್ಪತ್ರೆಯವ್ರಿಗೆ ಜವಾಬ್ದಾರಿ ಇಲ್ಲ ಅಂತಲ್ಲ. ಆ 12 ಗಂಟೆಯಲ್ಲಿ ಕೈ ತೊಳುದು, ಒಬ್ರಿಂದ ಇನ್ನೊಬ್ರಿಗೆ ಹೋಪತಿಗೆ ಗ್ಲೌಸ್ ಬದ್ಲಿಸುದು ಅವ್ರ ಕೆಲ್ಸ. "ಸಿಸ್ಟರ್, ಗ್ಲೌಸ್ ಬದ್ಲಿಸಿದ್ರ್ಯಾ? ಹೆಪಟೈಟಿಸ್ ಬಿ ಲಸಿಕೆ ಆಯ್ತಾ?" ಅಂತ ಕೇಂಬುದು ಮರ್ಯಾದಿ ತೆಗುದಲ್ಲ. ನಮ್ಮ ದಾಕ್ಷಿಣ್ಯಕ್ಕೆ ಮಾವಯ್ಯ ಯಾಕೆ ಜ್ವರ ತಿನ್ಕ್? 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವ್ರಿಗೆ ಡಯಾಲಿಸಿಸ್ ಪುಕ್ಕಟೆ. ಮನೆಯ ಜಾಗ್ರತೆ ಮಾತ್ರ ಯಾವ ಸರ್ಕಾರವೂ ಕೊಡುದಿಲ್ಲ.

ಈಗ ಮಾವಯ್ಯನ ಎಡಗೈ ಮೇಲೆ ಬೆರಳಿಟ್ರೆ ಜುಂಯ್ ಅಂತ್. ಅದ್ ನಿಂತ್ರೆ ಕೂಡ್ಲೇ ಆಸ್ಪತ್ರೆಗೆ ಹೇಳ್ಕ್. ಅತ್ತೆ ದಿನಾ ಬೆಳಿಗ್ಗೆ ಕೈ ತೊಳ್ಕಂಡ್, ಅದನ್ನ ಮುಟ್ಟಿ ಕಂಡೇ ಚಾಯಕ್ಕೆ ನೀರ್ ಇಡುದು.