ವಿಷ ಹೊಸದು, ಹುಳುವಿನ ವಿದ್ಯೆ ಹಳೆಯದು

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಎಲೆಕೋಸು ಬೆಳೆಗಾರರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ: ಹೋದ ವರ್ಷ ಕೆಲಸ ಮಾಡಿದ ಔಷಧಿ ಈ ವರ್ಷ ಹುಳಕ್ಕೆ ತಾಗುತ್ತಿಲ್ಲ. ಅಂಗಡಿಯವರು ಇನ್ನೂ ದುಬಾರಿಯಾದ ಮತ್ತೊಂದು ಡಬ್ಬಿ ಮುಂದಿಡುತ್ತಾರೆ. ಔಷಧಿ ಕಲಬೆರಕೆ ಎಂಬ ರೈತರ ಅನುಮಾನ ಕೆಲವೊಮ್ಮೆ ನಿಜ. ಆದರೆ ಅಸಲಿ ಔಷಧಿಯೂ ಸೋಲುತ್ತದೆ. ನಾವು ಸ್ಪ್ರೇಯರ್ ಹೆಗಲಿಗೇರಿಸುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಗಿಡಗಳು ವಿಷ ತಯಾರಿಸುತ್ತಿದ್ದವು, ಹುಳುಗಳು ಅದನ್ನು ಅರಗಿಸಿಕೊಳ್ಳುತ್ತಿದ್ದವು. ಈ ಚರಿತ್ರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕೀಟನಾಶಕ ನೀತಿ ರೈತರ ಸಾಲವನ್ನಷ್ಟೇ ಬೆಳೆಸುತ್ತದೆ.

ಕೋಸಿನ ಎಲೆಯನ್ನೇ ನೋಡೋಣ. ಕೋಸು, ಸಾಸಿವೆ, ಮೂಲಂಗಿ ಒಂದೇ ಕುಟುಂಬದವು. ಇವುಗಳ ಎಲೆಯಲ್ಲಿ ಗ್ಲುಕೋಸಿನೋಲೇಟ್ ಎಂಬ ರಾಸಾಯನಿಕ ಒಂದೆಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದೆಡೆ ಇರುತ್ತವೆ. ಹುಳು ಕಚ್ಚಿದ ಕೂಡಲೇ ಎರಡೂ ಬೆರೆತು ಘಾಟು ಏಳುತ್ತದೆ. ಸಾಸಿವೆ ಅರೆದಾಗ ಮೂಗಿಗೆ ಹತ್ತುವುದೂ ಇದೇ. ಬಹುತೇಕ ಕೀಟಗಳಿಗೆ ಇದು ವಿಷ. ಆದರೆ ಕೋಸನ್ನು ಜರಡಿ ಮಾಡುವ ವಜ್ರಬೆನ್ನಿನ ಪತಂಗದ ಮರಿಹುಳು ಜಗ್ಗುವುದಿಲ್ಲ. ಅದರ ಕರುಳಿನಲ್ಲಿ ಸಲ್ಫಟೇಸ್ ಎಂಬ ಕಿಣ್ವವಿದೆ. ಗಿಡದ ಕಿಣ್ವ ಕೈಹಾಕುವ ಮೊದಲೇ ಅದು ಗ್ಲುಕೋಸಿನೋಲೇಟಿನ ಸಲ್ಫೇಟ್ ತುಣುಕನ್ನು ಕಿತ್ತುಹಾಕುತ್ತದೆ. ಉಳಿದದ್ದರಿಂದ ವಿಷ ಹುಟ್ಟುವುದಿಲ್ಲ. 2002ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಇಷ್ಟೇ ಅಲ್ಲ, ತಾಯಿ ಪತಂಗ ಮೊಟ್ಟೆಯಿಡುವ ಗಿಡವನ್ನು ಗುರುತಿಸುವುದೂ ಇದೇ ರಾಸಾಯನಿಕಗಳ ಜಾಡು ಹಿಡಿದು. ಕಾಯಬೇಕಾದ ವಿಷವೇ ಗಿಡದ ವಿಳಾಸವಾಗಿಬಿಟ್ಟಿದೆ.

ವಿಷವನ್ನು ಮುರಿಯುವುದು ಒಂದು ದಾರಿ. ವಿಷ ತಾಗುವ ಜಾಗವನ್ನೇ ಬದಲಿಸುವುದು ಇನ್ನೊಂದು. ನಮ್ಮ ಎಕ್ಕದ ಗಿಡದ ಹಾಲಿನಲ್ಲೂ ಅಮೆರಿಕದ ಮಿಲ್ಕ್‌ವೀಡ್ ಗಿಡದಲ್ಲೂ ಇರುವ ಕಾರ್ಡಿನೋಲೈಡ್ ವಿಷಗಳು ಪ್ರಾಣಿಗಳ ಜೀವಕೋಶದ ಸೋಡಿಯಂ ಪಂಪನ್ನು ಕಟ್ಟಿಹಾಕುತ್ತವೆ. ಮಿಲ್ಕ್‌ವೀಡ್ ತಿಂದು ಬೆಳೆಯುವ ಮೊನಾರ್ಕ್ ಚಿಟ್ಟೆಯ ಪಂಪಿನ ರಚನೆಯೇ ಸ್ವಲ್ಪ ಬೇರೆ. ಅಂಥ ಮೂರು ಬದಲಾವಣೆಗಳನ್ನು ವಿಜ್ಞಾನಿಗಳು ಹಣ್ಣುನೊಣದ ವಂಶವಾಹಿಯಲ್ಲಿ ತಿದ್ದಿ ನೋಡಿದರು. ಆ ನೊಣಗಳೂ ವಿಷವನ್ನು ತಡೆದುಕೊಂಡವು ಎಂದು 2019ರಲ್ಲಿ ವರದಿಯಾಯಿತು.

'ಹುಳ ಔಷಧಿಗೆ ಒಗ್ಗಿಕೊಂಡಿದೆ' ಎಂದು ನಾವು ಹೇಳುತ್ತೇವೆ. ಯಾವ ಹುಳುವೂ ತನ್ನ ಆಯುಸ್ಸಿನಲ್ಲಿ ಇಂಥ ವಿದ್ಯೆ ಕಲಿಯುವುದಿಲ್ಲ. ಲಕ್ಷಾಂತರ ಹುಳುಗಳಲ್ಲಿ ಹುಟ್ಟಿನಿಂದಲೇ ವಿಷ ತಡೆಯಬಲ್ಲವು ಕೆಲವಿರುತ್ತವೆ. ಮಿಕ್ಕವು ಸಾಯುತ್ತವೆ, ಇವು ಉಳಿಯುತ್ತವೆ, ಇವುಗಳ ಸಂತಾನವೇ ಹೊಲ ತುಂಬುತ್ತದೆ. ಪ್ರತಿ ಸಿಂಪಡಣೆಯೂ ಒಂದು ಆಯ್ಕೆ. ವಜ್ರಬೆನ್ನಿನ ಪತಂಗ 1950ರ ದಶಕದ ಆರಂಭದಲ್ಲೇ ಜಾವಾ ದ್ವೀಪದಲ್ಲಿ ಡಿಡಿಟಿಯನ್ನು ಗೆದ್ದಿತು. 1990ರಲ್ಲಿ ಹವಾಯಿಯ ಹೊಲಗಳಲ್ಲಿ ಬ್ಯಾಕ್ಟೀರಿಯಾದಿಂದ ತಯಾರಾಗುವ ಬಿಟಿ ಎಂಬ ಜೈವಿಕ ಕೀಟನಾಶಕಕ್ಕೆ ನಿರೋಧ ತೋರಿತು. ಹೊಸದೆಂದು ಬಂದ ಡೈಅಮೈಡ್ ಗುಂಪಿನ ಔಷಧಿಗಳನ್ನು ಫಿಲಿಪ್ಪೀನ್ಸ್, ಥಾಯ್ಲೆಂಡಿನ ಪತಂಗಗಳು ಒಂದೇ ಒಂದು ಅಮೈನೊ ಆಮ್ಲದ ಬದಲಾವಣೆಯಿಂದ ಸೋಲಿಸಿದ್ದು 2012ರ ಹೊತ್ತಿಗೆ ಬಯಲಾಯಿತು.

ಹಾಗಾದರೆ ಗಿಡಗಳೇಕೆ ಸೋತು ನಾಶವಾಗಲಿಲ್ಲ? ಅವು ಒಂದೇ ವಿಷವನ್ನು ನೆಚ್ಚಿ ಕೂತಿಲ್ಲ. ಹಲವು ರಾಸಾಯನಿಕಗಳನ್ನು ಬೆರೆಸುತ್ತವೆ; ಗಿಡದಿಂದ ಗಿಡಕ್ಕೆ, ಎಳೆಯ ಎಲೆಯಿಂದ ಬಲಿತ ಎಲೆಗೆ ಪ್ರಮಾಣ ಬೇರೆ. ಹುಳು ಕಡಿದಾಗ ವಾಸನೆ ಹೊಮ್ಮಿಸಿ, ಆ ಹುಳುವಿನೊಳಗೆ ಮೊಟ್ಟೆಯಿಡುವ ಪರಾವಲಂಬಿ ಕಣಜಗಳನ್ನು ಕರೆಸಿಕೊಳ್ಳುತ್ತವೆ. ನಾವು ಮಾಡುವುದು ಇದಕ್ಕೆ ತದ್ವಿರುದ್ಧ: ಇಡೀ ಸೀಮೆಗೆ ಒಂದೇ ಬೆಳೆ, ಒಂದೇ ವಿಷ, ವಾರ ಬಿಡದೆ. ಆ ಕಣಜಗಳೂ ಅದರಲ್ಲೇ ಸಾಯುತ್ತವೆ.

ಹತ್ತಿಯಲ್ಲಿ ಈ ತಪ್ಪಿನ ಬೆಲೆಯನ್ನು ನಾವು ಕಂಡಿದ್ದೇವೆ. 2002ರಲ್ಲಿ ದೇಶಕ್ಕೆ ಆ ಬಿಟಿ ವಿಷವನ್ನು ಗಿಡವೇ ತಯಾರಿಸುವ ಬಿಟಿ ಹತ್ತಿ ಬಂತು, 2006ರಲ್ಲಿ ಎರಡು ವಂಶವಾಹಿಗಳ ತಳಿ. ಸುತ್ತ ಒಂದಿಷ್ಟು ಬಿಟಿಯಲ್ಲದ ಹತ್ತಿಯನ್ನು ಆಶ್ರಯ ಬೆಳೆಯಾಗಿ ಹಾಕಬೇಕೆಂಬ ನಿಯಮವಿತ್ತು. ಅಲ್ಲಿ ಬದುಕುಳಿದ ಸಾಧಾರಣ ಪತಂಗಗಳು ಅಪರೂಪದ ನಿರೋಧಕ ಪತಂಗಗಳೊಂದಿಗೆ ಕೂಡಿದರೆ, ಮರಿಗಳು ಬಿಟಿಗೆ ಬಲಿಯಾಗುತ್ತವೆ ಎಂಬುದು ಅದರ ತರ್ಕ. ನಿಯಮ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. 2009ರಲ್ಲಿ ಗುಜರಾತಿನ ಗುಲಾಬಿ ಕಾಯಿಕೊರಕ ಮೊದಲ ತಳಿಯನ್ನು ಮೀರಿತು; ಮುಂದೆ ಎರಡನೆಯದೂ ಸೋತಿತು. ರಾಯಚೂರು, ಯಾದಗಿರಿಯ ಹೊಲಗಳಲ್ಲೂ ಕಾಯಿ ಬಿಡಿಸಿದರೆ ಹುಳು. ಅಮೆರಿಕದ ಅರಿಜೋನಾದಲ್ಲಿ ಇದೇ ಬಿಟಿಗೆ ಆಶ್ರಯ ಬೆಳೆ ಜೊತೆಯಾಯಿತು, ಆಮೇಲೆ ಸಂತಾನಶಕ್ತಿ ಕಳೆದ ಪತಂಗಗಳನ್ನು ಹಾರಿಬಿಡಲಾಯಿತು. 2018ರಲ್ಲಿ ಆ ದೇಶ ತನ್ನ ಹತ್ತಿ ಸೀಮೆಯಿಂದ ಈ ಹುಳು ನಿರ್ಮೂಲವಾಯಿತೆಂದು ಘೋಷಿಸಿತು.

ನಮ್ಮಲ್ಲಿ ಆಶ್ರಯ ಬೆಳೆಯ ನಿಯಮ ಪಾಲನೆಯಾಗದ್ದಕ್ಕೆ ರೈತರನ್ನು ದೂರುವುದು ಅನ್ಯಾಯ. ಎರಡು ಎಕರೆಯವರು ಒಂದು ಪಾಲನ್ನು ಹುಳುವಿಗೆ ಬಿಡಬೇಕು ಎಂದರೆ ನಷ್ಟ ಅವರದು, ಲಾಭ ಇಡೀ ಸೀಮೆಯದು. ಎಲ್ಲರ ಲಾಭಕ್ಕೆ ಒಬ್ಬರು ಹೊರುವ ನಷ್ಟವನ್ನು ಸರ್ಕಾರವೇ ತುಂಬಿಕೊಡಬೇಕು.

ದಾರಿಯೂ ನಮ್ಮಲ್ಲೇ ಇದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮೂರು ದಶಕಗಳ ಹಿಂದೆಯೇ ತೋರಿಸಿದ ವಿಧಾನವಿದು: ಪ್ರತಿ 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಪತಂಗ ಕೋಸು ಬಿಟ್ಟು ಸಾಸಿವೆಯ ಮೇಲೆ ಮೊಟ್ಟೆಯಿಡುತ್ತದೆ. ಕೋಸಿಗೆ ಅಗತ್ಯ ಬಿದ್ದಾಗ ಬೇವಿನ ಬೀಜದ ಕಷಾಯ. ಘಾಟನ್ನು ಗೆದ್ದ ಹುಳುವನ್ನು ಅದೇ ಘಾಟಿನಿಂದ ಸೆಳೆಯುವ ಈ ಉಪಾಯ ಹುಳುವಿನ ಚರಿತ್ರೆ ಬಲ್ಲವರಿಗಷ್ಟೇ ಹೊಳೆಯುತ್ತದೆ.

ಇಂಥ ಜ್ಞಾನ ಹೊಲ ಮುಟ್ಟಬೇಕಾದರೆ ಔಷಧಿ ಮಾರುವವರೇ ರೈತರ ಸಲಹೆಗಾರರಾಗಿರುವ ಸ್ಥಿತಿ ತಪ್ಪಬೇಕು. ರೈತ ಸಂಪರ್ಕ ಕೇಂದ್ರಗಳಿಗೆ ಕೀಟ ಬಲ್ಲ ಸಿಬ್ಬಂದಿ ಬೇಕು. ಡಬ್ಬಿಯ ಮೇಲೆ ಔಷಧಿ ಯಾವ ರಾಸಾಯನಿಕ ಗುಂಪಿನದು ಎಂಬುದು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿರಬೇಕು. ಇಲ್ಲವಾದರೆ ಬ್ರ್ಯಾಂಡ್ ಬದಲಿಸಿದ ರೈತರು ಗುಂಪು ಬದಲಿಸಿದೆವೆಂದು ನಂಬುತ್ತಾರೆ. ಯಾವ ಹುಳು ಯಾವ ಔಷಧಿಗೆ ಜಗ್ಗುತ್ತಿಲ್ಲ ಎಂಬುದನ್ನು ಪ್ರತಿ ಹಂಗಾಮಿನಲ್ಲೂ ತಾಲ್ಲೂಕುವಾರು ಪರೀಕ್ಷಿಸಿ ಪ್ರಕಟಿಸಬೇಕು. ಹುಳುವಿನ ವಿಕಾಸವನ್ನು ನಿಲ್ಲಿಸಲು ಯಾರಿಂದಲೂ ಆಗದು. ಅದನ್ನು ನಿಧಾನವಾಗಿಸುವುದು ನಮ್ಮ ಕೈಯಲ್ಲಿದೆ, ಮತ್ತು ಅದು ಸರ್ಕಾರದ ಕರ್ತವ್ಯ.