ಯಂತ್ರಕ್ಕೆ ಸುದ್ದಿ ಕಲಿಸಿದವರು ಯಾರು?

ಸುದ್ದಿಗೆ ಇನ್ನು ಮನುಷ್ಯರು ಬೇಡವಂತೆ, ಕೃತಕ ಬುದ್ಧಿಮತ್ತೆ ಸಾಕಂತೆ. 2023ರ ಜುಲೈನಲ್ಲಿ ಒಡಿಶಾದ ಓಟಿವಿ ‘ಲೀಸಾ’ ಎಂಬ ಯಂತ್ರದ ಗೊಂಬೆಯನ್ನು ಸುದ್ದಿ ಓದಲು ಕೂರಿಸಿತು. ಅದೇ ತಿಂಗಳು ಕನ್ನಡದ ಪವರ್ ಟಿವಿಗೆ ‘ಸೌಂದರ್ಯ’ ಬಂದಳು. ಓದಲು ಒಂದು ಯಂತ್ರ, ಬರೆಯಲು ಇನ್ನೊಂದು. ಸಂಬಳ ಕೇಳಲ್ಲ, ಸಂಘ ಕಟ್ಟಲ್ಲ. ಧಣಿಗಳಿಗೆ ಇನ್ನೇನು ಬೇಕು? ಮೇಲಾಗಿ ಯಂತ್ರಕ್ಕೆ ಜಾತಿಯಿಲ್ಲ ಅಂತಾರೆ.

ಸುಳ್ಳು. ಯಂತ್ರ ತಾನಾಗಿ ಏನನ್ನೂ ಕಂಡದ್ದಲ್ಲ. ಆಗಲೇ ಬರೆದಿಟ್ಟ ಕೋಟ್ಯಂತರ ಸಾಲು ನುಂಗಿ, ಅದರ ಜಾಡಿನಲ್ಲೇ ಬರೆಯುತ್ತೆ. ಆ ಸಾಲು ಬರೆಸಿದವರು ಯಾರು? 2019ರಲ್ಲಿ ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ ಸುದ್ದಿಮನೆಗಳ 121 ಮುಖ್ಯ ಕುರ್ಚಿಗಳನ್ನು ಲೆಕ್ಕ ಹಾಕಿದವು. 106ರಲ್ಲಿ ಕೂತವರು ಮೇಲ್ಜಾತಿಯವರು. ದಲಿತರು, ಆದಿವಾಸಿಗಳು ಒಬ್ಬರೂ ಇಲ್ಲ.

ಊರಿನವರು ಕೇರಿಗೆ ನುಗ್ಗಿ ಹೊಡೆದರೆ ‘ಎರಡು ಗುಂಪುಗಳ ಘರ್ಷಣೆ’ ಅಂತ ಬರೆದ ಕೈಯೇ ಯಂತ್ರದ ಮೇಷ್ಟ್ರು. ಮಲದಗುಂಡಿಗೆ ಇಳಿಸಿ ಕೊಂದರೆ ‘ಆಕಸ್ಮಿಕ ಸಾವು’. ಅಚ್ಚೇ ಆಗದ ನೋವನ್ನು ಅದು ಎಲ್ಲಿಂದ ಕಲಿತೀತು? ಹೋಟೆಲಿನ ಬೇರೆ ಲೋಟ ಕಾಣೋಕೆ ಕೇರಿಗೆ ನಡೆದು ಬರುವ ಕಾಲು ಬೇಕು.

ಅಂಬೇಡ್ಕರ್ 1920ರ ಜನವರಿ 31ರಂದು ‘ಮೂಕನಾಯಕ’ ತಂದರು. ನಮ್ಮ ಮಾತನ್ನು ನಾವೇ ಆಡಬೇಕು ಅನ್ನೋದನ್ನು ಆವತ್ತೇ ತೋರಿಸಿಕೊಟ್ಟರು.

ನಾವು ಯಂತ್ರ ಒಡೆಯಲು ಹೊರಟವರಲ್ಲ. ಸುದ್ದಿಮನೆಯ ಬಾಗಿಲು ತೆಗೆಯಿರಿ ಅಂತಿದ್ದೇವೆ. ಕೇರಿಯ ಮಕ್ಕಳು ವರದಿಗಾರರಾಗಿ, ಸಂಪಾದಕರಾಗಿ ಒಳಗೆ ಬರಬೇಕು. ಯಂತ್ರ ಬರೆದದ್ದಕ್ಕೆ ಸಂಪಾದಕ ಹೆಸರು ಹಾಕಿ ಹೊಣೆ ಹೊರಬೇಕು.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಅಲ್ಲೀತನಕ ಕಾಯಬೇಡಿ. ನಿಮ್ಮೂರಲ್ಲಿ ನಡೆದದ್ದನ್ನು ದಿನಾಂಕ ಸಮೇತ ಬರೆದು ಕಳಿಸಿ. ನಾವು ಅಚ್ಚು ಹಾಕ್ತೀವಿ.