ಬೋಟಿನ ಎಂಜಿನ್: ದುರಸ್ತಿಗೆ ಮುನ್ನ ದೋಷನಿರ್ಣಯ

ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ ಮೊದಲಾದ ಬಂದರುಗಳ ಯಾಂತ್ರೀಕೃತ ಮೀನುಗಾರಿಕೆಯು ಕೇವಲ ಬೋಟು ಮಾಲೀಕರ ಉದ್ಯಮವಲ್ಲ. ಮಂಜುಗಡ್ಡೆ ಸ್ಥಾವರ, ಬಲೆ ಮತ್ತು ಹಗ್ಗದ ವ್ಯಾಪಾರ, ಬಿಡಿಭಾಗಗಳ ಮಳಿಗೆ, ಲೇತ್ ಹಾಗೂ ವೆಲ್ಡಿಂಗ್ ವರ್ಕ್‌ಶಾಪ್, ಮೀನುಹಿಟ್ಟಿನ ಕಾರ್ಖಾನೆ, ಸಾಗಣೆ ಲಾರಿ ಇವೆಲ್ಲವೂ ಅದನ್ನೇ ನಂಬಿಕೊಂಡಿವೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಅವಧಿಯನ್ನು ಕಳೆದು ಉಳಿಯುವ ತಿಂಗಳುಗಳಲ್ಲೇ ವರ್ಷದ ದುಡಿಮೆಯೆಲ್ಲ ಆಗಬೇಕು. ಇಂತಹ ಹೊತ್ತಿನಲ್ಲಿ ಬೋಟಿನ ಎಂಜಿನ್ ಶಕ್ತಿ ಕುಂದಿತೆಂದರೆ ಮಾಲೀಕರಿಗೆ ದುರಸ್ತಿಯ ವೆಚ್ಚ, ಪಾಲಿನ ಲೆಕ್ಕದಲ್ಲಿ ದುಡಿಯುವ ತಾಂಡೇಲ ಮತ್ತು ಕಲಾಸಿಗಳಿಗೆ ಆದಾಯದ ನಷ್ಟ, ಅವರನ್ನು ಅವಲಂಬಿಸಿದ ವ್ಯಾಪಾರಕ್ಕೆ ಹಿನ್ನಡೆ ತಪ್ಪಿದ್ದಲ್ಲ.

ಆದರೆ ‘ಎಂಜಿನ್ ಎಳೆಯುತ್ತಿಲ್ಲ’ ಎಂಬ ದೂರು ಬಂದೊಡನೆ ಅನುಸರಿಸುವ ಕ್ರಮವು ಅನೇಕ ವೇಳೆ ತಲೆಕೆಳಗಾಗಿರುತ್ತದೆ. ನಾಜಲ್ ಬದಲಾಯಿಸುವುದು, ಪಂಪನ್ನು ಕ್ಯಾಲಿಬ್ರೇಷನ್‌ಗೆ ಕಳುಹಿಸುವುದು, ಹೆಡ್ ಬಿಚ್ಚುವುದು, ಅದರಿಂದಲೂ ಗುಣ ಕಾಣದಿದ್ದರೆ ಪಿಸ್ಟನ್ ರಿಂಗ್ ಮತ್ತು ಲೈನರ್‌ಗಳಿಗೆ ಕೈಹಾಕುವುದು. ಕೊನೆಯಲ್ಲಿ ದೋಷವು ಮುಚ್ಚಿಹೋದ ಡೀಸೆಲ್ ಫಿಲ್ಟರಿನಲ್ಲಿಯೋ ಪ್ರೊಪೆಲ್ಲರಿಗೆ ಸುತ್ತಿಕೊಂಡ ಬಲೆಯ ತುಂಡಿನಲ್ಲಿಯೋ ಇತ್ತೆಂದು ತಿಳಿದರೆ, ಅದು ಬೆಟ್ಟ ಅಗೆದು ಇಲಿ ಹಿಡಿದ ಲೆಕ್ಕವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಒಂದೇ ಅಂಕಿಗೆ ಎರಡು ಅರ್ಥಗಳಿರುತ್ತವೆ. ನಿಮಿಷಕ್ಕೆ 1,800 ಸುತ್ತು ತಿರುಗಬೇಕಾದ ಎಂಜಿನ್ ಭಾರದ ಮೇಲೆ 1,600 ಸುತ್ತಿಗೇ ನಿಂತಿತೆಂದು ಇಟ್ಟುಕೊಳ್ಳೋಣ. ಪ್ರೊಪೆಲ್ಲರ್ ಬೇಡುವ ಶಕ್ತಿಯು ಸುಮಾರಾಗಿ ಸುತ್ತುಗಳ ಘನಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ ಬೋಟಿನ ತಳವೂ ಪ್ರೊಪೆಲ್ಲರೂ ಸುಸ್ಥಿತಿಯಲ್ಲಿದ್ದರೆ, ಶೇಕಡಾ 11ರಷ್ಟು ಸುತ್ತು ಕುಸಿದಾಗ ಶಕ್ತಿಯು ಶೇಕಡಾ 30ರಷ್ಟು ಕುಸಿದಂತೆ. ಆದರೆ ತಳಕ್ಕೆ ಚಿಪ್ಪು ಮತ್ತು ಪಾಚಿ ಅಂಟಿದ್ದರೆ ಅಥವಾ ಪ್ರೊಪೆಲ್ಲರಿನ ದಳ ಬಾಗಿದ್ದರೆ, ಎಂಜಿನ್ ತನ್ನ ಪೂರ್ಣ ಸಾಮರ್ಥ್ಯದಿಂದ ದುಡಿಯುತ್ತಿದ್ದರೂ ಮೀಟರು ಅದೇ 1,600ನ್ನು ತೋರಿಸೀತು. ಮೊದಲನೆಯದು ಎಂಜಿನ್ನಿನ ದೋಷ, ಎರಡನೆಯದು ಮಿತಿಮೀರಿದ ಹೊರೆ. ಹೊರೆಯ ದೋಷಕ್ಕೆ ಎಂಜಿನ್ ಬಿಚ್ಚಿದರೆ ಹಣವೂ ಹೋಯಿತು, ದಿನಗಳೂ ಹೋದವು.

ಇವೆರಡನ್ನು ಬೇರ್ಪಡಿಸಲು ದುಬಾರಿ ಉಪಕರಣ ಬೇಕಿಲ್ಲ. ಒಂದು ಗೊತ್ತಾದ ಸುತ್ತಿನಲ್ಲಿ ಬೋಟು ಹಿಂದೆ ಎಷ್ಟು ವೇಗದಲ್ಲಿ ಓಡುತ್ತಿತ್ತು, ಈಗ ಎಷ್ಟು ಓಡುತ್ತಿದೆ ಎಂಬುದನ್ನು ಜಿಪಿಎಸ್ ಹೇಳುತ್ತದೆ. 1,400 ಸುತ್ತಿನಲ್ಲಿ 8 ನಾಟ್ ಓಡುತ್ತಿದ್ದ ಬೋಟು ಅದೇ ಸುತ್ತಿನಲ್ಲಿ 7 ನಾಟ್‌ಗೆ ಇಳಿದಿದ್ದರೆ, ಮೊದಲು ತಳ, ಪ್ರೊಪೆಲ್ಲರ್ ಮತ್ತು ಗೇರ್ ಬಾಕ್ಸ್‌ಗಳನ್ನು ನೋಡಬೇಕು. 1,400ಕ್ಕೆ 8 ನಾಟ್ ಮೊದಲಿನಂತೆಯೇ ಬರುತ್ತಿದ್ದು, 1,600ರ ಮೇಲೆ ಮಾತ್ರ ಏರದಿದ್ದರೆ, ಆಗ ಎಂಜಿನ್ನಿನತ್ತ ತಿರುಗಬೇಕು. ಗಾಳಿ ಮತ್ತು ಸೆಳೆತದ ಪ್ರಭಾವ ತಪ್ಪಿಸಲು ಒಂದೇ ಪ್ರಮಾಣದ ಹೊರೆಯೊಡನೆ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯುವುದು ಉಚಿತ.

ಎಂಜಿನ್ನಿನಲ್ಲೇ ದೋಷವಿದೆಯೆಂದು ಕಂಡುಬಂದರೂ ಖರ್ಚಿಲ್ಲದ ಪರೀಕ್ಷೆಗಳೇ ಮೊದಲು ಆಗತಕ್ಕದ್ದು. ಹೊಗೆಯ ಬಣ್ಣವೇ ಮೊದಲ ಸಾಕ್ಷಿ. ಕಪ್ಪು ಹೊಗೆಯು ಗಾಳಿಯ ಕೊರತೆ ಅಥವಾ ಅತಿಹೊರೆಯ ಸೂಚನೆ. ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುತ್ತಿರುವುದರ ಸೂಚನೆ. ಬಿಳಿ ಹೊಗೆಯು ಉರಿಯದ ಡೀಸೆಲ್ ಅಥವಾ ನೀರಿನ ಸೂಚನೆ. ಹೊಗೆಯೇ ಇಲ್ಲದೆ ಶಕ್ತಿ ಕುಂದಿದ್ದರೆ ಸಾಮಾನ್ಯವಾಗಿ ಡೀಸೆಲ್ ಸಾಕಷ್ಟು ತಲುಪುತ್ತಿಲ್ಲವೆಂದರ್ಥ. ಆಗ ಆಕ್ಸಿಲರೇಟರ್ ಕೇಬಲ್ ಪೂರ್ಣ ಎಳೆಯುತ್ತಿದೆಯೇ, ಫಿಲ್ಟರ್ ಕಟ್ಟಿದೆಯೇ, ಟ್ಯಾಂಕಿನ ಗಾಳಿರಂಧ್ರ ಮುಚ್ಚಿದೆಯೇ ಎಂದು ನೋಡಬೇಕು. ಶುದ್ಧ ಡೀಸೆಲ್ ತುಂಬಿದ ಬೇರೊಂದು ಕ್ಯಾನನ್ನು ಭದ್ರವಾಗಿ ಕಟ್ಟಿ, ರಿಟರ್ನ್ ಪೈಪನ್ನೂ ಅದಕ್ಕೇ ಕೊಟ್ಟು ನೇರವಾಗಿ ಓಡಿಸಿದಾಗ ಎಂಜಿನ್ ಚೇತರಿಸಿಕೊಂಡರೆ, ದೋಷವು ಟ್ಯಾಂಕಿನಿಂದ ಬರುವ ದಾರಿಯಲ್ಲಿದೆ ಎಂಬುದು ಖಚಿತ. ಕಪ್ಪು ಹೊಗೆ ಇದ್ದಲ್ಲಿ ಎಂಜಿನ್ ಕೋಣೆಯ ಮುಚ್ಚಳ ತೆರೆದು ಓಡಿಸಿ ನೋಡಿದರೂ ಸಾಕು, ಗಾಳಿಯ ಕೊರತೆ ಇದ್ದರೆ ಬಯಲಾಗುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚೆನ್ನಾಗಿ ತಿರುಗಿತೆಂಬ ಮಾತ್ರಕ್ಕೆ ಡೀಸೆಲ್ ದಾರಿ ಸರಿಯಿದೆಯೆಂದು ಭಾವಿಸಲಾಗದು. ಹೊರೆಯಿಲ್ಲದಾಗ ಅರ್ಧ ಮುಚ್ಚಿದ ಫಿಲ್ಟರೂ ಸಾಕಾಗುತ್ತದೆ.

ಇಷ್ಟು ಸರಳವಾದ ಕ್ರಮವು ಆಚರಣೆಗೆ ಬಾರದಿರಲು ಮೆಕ್ಯಾನಿಕ್‌ಗಳ ಅಜ್ಞಾನವೇ ಕಾರಣವೆನ್ನುವುದು ನ್ಯಾಯವಲ್ಲ. ಅವರಲ್ಲಿ ನುರಿತವರು ಬಹಳಷ್ಟು ಮಂದಿ ಇದ್ದಾರೆ. ಮೂಲ ದೋಷವಿರುವುದು ಬಿಲ್ಲಿನಲ್ಲಿ. ಬಿಚ್ಚಿ ಜೋಡಿಸಿದ್ದಕ್ಕೆ ಕೂಲಿ ಸಿಗುತ್ತದೆ, ಬಿಡಿಭಾಗ ಮಾರಿದ್ದಕ್ಕೆ ಲಾಭ ಸಿಗುತ್ತದೆ. ಅರ್ಧ ದಿನ ಬೋಟಿನಲ್ಲಿ ಕುಳಿತು ‘ಎಂಜಿನ್ ಸರಿಯಿದೆ, ತಳ ತೊಳೆಸಿ’ ಎಂದು ಹೇಳಿದವನಿಗೆ ಏನೂ ಸಿಗುವುದಿಲ್ಲ. ಯಾವ ಕೆಲಸಕ್ಕೆ ಪ್ರತಿಫಲವಿದೆಯೋ ಆ ಕೆಲಸವೇ ನಡೆಯುವುದು ವ್ಯವಹಾರದ ಸಹಜ ನಿಯಮ. ಆದುದರಿಂದ ಪರೀಕ್ಷಾ ಶುಲ್ಕವೆಂಬ ಪ್ರತ್ಯೇಕ ಬಾಬತ್ತು ಬಿಲ್ಲಿನಲ್ಲಿ ಬರಬೇಕು. ಏನು ಪರೀಕ್ಷಿಸಲಾಯಿತು, ಯಾವ ಅಂಕಿ ದೊರೆಯಿತು, ಯಾವ ನಿರ್ಣಯಕ್ಕೆ ಬರಲಾಯಿತು ಎಂಬ ಜಾಬ್ ಕಾರ್ಡನ್ನು ಮಾಲೀಕರು ಕೇಳಿ ಪಡೆಯಬೇಕು. ಈ ಶುಲ್ಕವನ್ನು ಉಳಿಸಲು ಹೋಗಿ ಓವರ್‌ಹಾಲ್ ವೆಚ್ಚವನ್ನು ಮೈಮೇಲೆ ಎಳೆದುಕೊಳ್ಳುವುದು ಉಳಿತಾಯವೆನಿಸದು.

ಇದರಿಂದ ತಮ್ಮ ಮಾರಾಟ ಕುಗ್ಗೀತೆಂದು ಬಿಡಿಭಾಗಗಳ ವ್ಯಾಪಾರಿಗಳು ಶಂಕಿಸಬಹುದು. ಕೆಲವು ನಾಜಲ್‌ಗಳ ಮಾರಾಟ ಕಡಿಮೆಯಾದೀತು, ನಿಜ. ಆದರೆ ಸಾಲದ ಮೇಲೆ ಸರಕು ಕೊಡುವ ವ್ಯಾಪಾರಿಯ ಬಾಕಿ ವಸೂಲಾಗುವುದು ಬೋಟು ಕಡಲಿಗಿಳಿದಾಗಲೇ ಹೊರತು ಧಕ್ಕೆಯಲ್ಲಿ ಕಟ್ಟಿಕೊಂಡಾಗ ಅಲ್ಲ.

ಮಾಲೀಕರು ವಹಿಸಬೇಕಾದ ಕರ್ತವ್ಯವೂ ಒಂದಿದೆ. ಹಿಂದಿನ ಅಂಕಿಯಿಲ್ಲದೆ ಇಂದಿನ ಅಂಕಿಗೆ ಅರ್ಥವಿಲ್ಲ. ಆರಂಭಿಕ ಶಿಲ್ಕು ಬರೆಯದ ಖಾತೆಯಲ್ಲಿ ಲಾಭನಷ್ಟ ತಿಳಿಯುವುದೆಂತು? ಪ್ರತಿ ವರ್ಷ ಆಗಸ್ಟಿನಲ್ಲಿ, ತಳ ತೊಳೆದು ಬಣ್ಣ ಬಳಿದ ಬೋಟು ನೀರಿಗಿಳಿದೊಡನೆ, 1,000, 1,200, 1,400 ಸುತ್ತುಗಳಲ್ಲಿ ಹಾಗೂ ಪೂರ್ಣ ಆಕ್ಸಿಲರೇಟರಿನಲ್ಲಿ ದೊರೆಯುವ ವೇಗ, ನೀರಿನ ಉಷ್ಣತೆ, ಆಯಿಲ್ ಒತ್ತಡ ಮತ್ತು ಗಂಟೆಗೆ ತಗಲುವ ಡೀಸೆಲ್ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ತಿಂಗಳಿಗೊಮ್ಮೆ ಅವನ್ನೇ ತಾಳೆ ನೋಡಬೇಕು. ಅರ್ಧ ತಾಸಿನ ಈ ಕೆಲಸಕ್ಕೆ ಬೇಕಾಗುವುದು ಒಂದು ಪೆನ್ನು ಮತ್ತು ಒಂದು ಪುಸ್ತಕ.

ಬಂದರು ಪಟ್ಟಣಗಳ ವಾಣಿಜ್ಯ ಸಂಸ್ಥೆಗಳು ಬೋಟು ಮಾಲೀಕರ ಸಂಘಗಳೊಡನೆ ಸೇರಿ ಇಂತಹ ಪುಸ್ತಕ ಮತ್ತು ಜಾಬ್ ಕಾರ್ಡಿನ ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ, ನಿಷೇಧದ ಎರಡು ತಿಂಗಳಲ್ಲಿ ವರ್ಕ್‌ಶಾಪ್‌ಗಳಿಗೆ ತಲುಪಿಸುವುದು ಅಪೇಕ್ಷಣೀಯ. ಅಂದಾಜಿನ ಮೇಲೆ ನಡೆಯುವ ದುರಸ್ತಿಯು ಲೆಕ್ಕವಿಲ್ಲದ ವ್ಯಾಪಾರಕ್ಕೆ ಸಮಾನ. ಅದರ ನಷ್ಟವು ಎಲ್ಲಿಂದ ಬಂತೆಂದು ವರ್ಷದ ಕೊನೆಯಲ್ಲಿ ಹುಡುಕಿದರೂ ಸಿಗುವುದಿಲ್ಲ.